ಪೂರ್ವ ಆಫ್ರಿಕಾದ ಎಂಟು ದೇಶಗಳು ನಿಜವಾಗಿಯೂ ಒಂದೇ ದೇಶವಾಗುತ್ತವೆಯೇ?

ಪ್ರಶ್ನೆ: ಗೇರುಬೀಜದವರು, ಕಾರ್ಕಳ

ನಮ್ಮದು ಕಾರ್ಕಳದ ಬಳಿ ಅಪ್ಪನ ಕಾಲದಿಂದ ನಡೆದುಬಂದಿರುವ ಸಣ್ಣ ಗೇರುಬೀಜ ಕಾರ್ಖಾನೆ. ಊರಿನ ಬೀಜ ಕೆಲವು ತಿಂಗಳಿಗಷ್ಟೇ ಸಾಲುತ್ತದೆ. ಉಳಿದ ಕಾಲಕ್ಕೆ ಆಫ್ರಿಕಾದ ಕಚ್ಚಾ ಬೀಜ ಬಾರದಿದ್ದರೆ ಬಾಯ್ಲರ್ ಉರಿಯುವುದಿಲ್ಲ, ಸಿಪ್ಪೆ ತೆಗೆಯುವ ಹೆಂಗಸರಿಗೆ ಕೆಲಸವೂ ಇರುವುದಿಲ್ಲ. ಅದರಲ್ಲಿ ನಮಗೆ ಮುಖ್ಯವಾದದ್ದು ಟಾಂಜಾನಿಯಾದ ಮ್ಟ್ವಾರಾ ಕಡೆಯ ಬೀಜ. ಮಂಗಳೂರಿನ ಆಮದುದಾರರಿಂದ ಕೊಳ್ಳುತ್ತೇವೆ.

ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಪೂರ್ವ ಆಫ್ರಿಕಾ ಸಮುದಾಯ ಎಂಬ ಕೂಟದಲ್ಲಿರುವ ಕೀನ್ಯಾ, ಉಗಾಂಡಾ, ಟಾಂಜಾನಿಯಾ, ರುವಾಂಡಾ, ಬುರುಂಡಿ, ದಕ್ಷಿಣ ಸುಡಾನ್, ಕಾಂಗೋ, ಸೊಮಾಲಿಯಾ ಸೇರಿ ಮೊದಲು ಒಂದೇ ಹಣ, ಆಮೇಲೆ ಒಂದೇ ದೇಶ ಆಗಲಿವೆ ಎಂದು ಅವಳ ಪುಸ್ತಕದಲ್ಲಿದೆ. ಓದಿ ಹೇಳಿದಾಗ ನನಗೆ ವ್ಯಾಪಾರದ ಯೋಚನೆ ಬಂತು. ಕೀನ್ಯಾ ಕಚ್ಚಾ ಗೇರುಬೀಜವನ್ನು ಹೊರಗೆ ಬಿಡುವುದಿಲ್ಲ, ಟಾಂಜಾನಿಯಾ ಬಿಡುತ್ತದೆ ಎಂದು ನಮ್ಮ ಆಮದುದಾರರು ಹೇಳುತ್ತಾರೆ. ಹಾಗಾದರೆ ಇವೆರಡೂ ಒಂದೇ ಸಮುದಾಯದಲ್ಲಿ ಇರುವುದು ಹೇಗೆ? ನಾಳೆ ಒಂದಾದರೆ ಯಾರ ನಿಯಮ ನಡೆಯುತ್ತದೆ? ಅಲ್ಲಿ ಇದ್ದವರು, ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ. ಮಗಳಿಗೂ ಉಪಯೋಗವಾಗುತ್ತದೆ.

ಉತ್ತರ: ಲೆಕ್ಕಿಗ, ದಾರ್ ಎಸ್ ಸಲಾಮ್

ಅಕ್ಕ, ನಾನು ಪುತ್ತೂರಿನವನು. ಉಗಾಂಡಾದ ಕಂಪಾಲಾದಲ್ಲಿ ಬಹಳ ವರ್ಷ ಆಮದು ವ್ಯಾಪಾರದ ಲೆಕ್ಕಪತ್ರ ನೋಡಿಕೊಂಡಿದ್ದೆ. ಈಗ ದಾರ್ ಎಸ್ ಸಲಾಮ್‌ನಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ.

ಮಗಳ ಪುಸ್ತಕದಲ್ಲಿರುವುದು ಸುಳ್ಳಲ್ಲ. 1999ರ ನವೆಂಬರ್ 30ರಂದು ಟಾಂಜಾನಿಯಾದ ಅರುಷಾದಲ್ಲಿ ಸಹಿಯಾದ ಸಮುದಾಯದ ಒಪ್ಪಂದದಲ್ಲಿಯೇ ಆ ಕ್ರಮವಿದೆ: ಮೊದಲು ಸುಂಕದ ಒಕ್ಕೂಟ, ನಂತರ ಸಾಮಾನ್ಯ ಮಾರುಕಟ್ಟೆ, ನಂತರ ಒಂದೇ ಹಣ, ಕೊನೆಗೆ ರಾಜಕೀಯ ಒಕ್ಕೂಟ. ಮೊದಲನೆಯದು 2005ರಲ್ಲಿ ಬಂತು, ಎರಡನೆಯದು 2010ರಲ್ಲಿ. ಮೂರನೆಯದಕ್ಕೆ 2013ರಲ್ಲಿ ಸಹಿ ಹಾಕಿ, 2024ಕ್ಕೆ ಒಂದೇ ಹಣ ಎಂದರು. ಆ ವರ್ಷ ಕಳೆದೇಹೋಯಿತು; ಈಗ 2031 ಎನ್ನುತ್ತಿದ್ದಾರೆ. ರಾಜಕೀಯ ಒಕ್ಕೂಟದ ವಿಷಯದಲ್ಲಿಯೂ 2017ರಲ್ಲಿ ನಾಯಕರು ಒಂದು ಹೆಜ್ಜೆ ಹಿಂದೆ ಸರಿದು, ಸದ್ಯಕ್ಕೆ ಸಡಿಲವಾದ ಕೂಟವೊಂದು ಸಾಕು, ಪೂರ್ಣ ಒಕ್ಕೂಟ ಆಮೇಲೆ ಎಂದು ಒಪ್ಪಿಕೊಂಡರು. ಪರೀಕ್ಷೆಗೆ ಇಷ್ಟು ಸಾಕು. ನಿಮ್ಮ ವ್ಯಾಪಾರಕ್ಕೆ ಬೇಕಾದದ್ದು ಬೇರೆ.

ಸುಂಕದ ಒಕ್ಕೂಟ ಎಂದರೆ ಹೊರಗಿನಿಂದ ಒಳಗೆ ಬರುವ ಸರಕಿಗೆ ಒಂದೇ ದರ. ಕಚ್ಚಾ ಸಾಮಗ್ರಿಗೆ ಸುಂಕವಿಲ್ಲ, ಅರೆಸಿದ್ಧ ಸರಕಿಗೆ ಶೇಕಡಾ 10, ಸಿದ್ಧ ಸರಕಿಗೆ 25, ತಮ್ಮಲ್ಲೇ ತಯಾರಾಗುವ ಕೆಲವು ಸರಕುಗಳಿಗೆ 2022ರ ಜುಲೈಯಿಂದ 35. ಒಳಗಿನಿಂದ ಹೊರಗೆ ಹೋಗುವ ಸರಕಿಗೆ ಯಾವ ಸಾಮಾನ್ಯ ದರವೂ ಇಲ್ಲ. ಅದು ಆಯಾ ದೇಶದ ಕೈಯಲ್ಲಿದೆ. ಹಾಗಾಗಿಯೇ ಕೀನ್ಯಾ 2009ರಲ್ಲಿ ಕಚ್ಚಾ ಗೇರುಬೀಜ ಮತ್ತು ಮೆಕಡೇಮಿಯಾ ರಫ್ತನ್ನು ನಿಷೇಧಿಸಿದಾಗ ಟಾಂಜಾನಿಯಾವನ್ನು ಕೇಳಬೇಕಾಗಿರಲಿಲ್ಲ. ಟಾಂಜಾನಿಯಾ ತನ್ನ ಬೀಜವನ್ನು ಸಹಕಾರಿ ಸಂಘಗಳ ಗೋದಾಮಿನಲ್ಲಿಟ್ಟು ಹರಾಜು ಹಾಕಿ, ರಫ್ತು ಸುಂಕ ವಸೂಲು ಮಾಡಿ ಕಳುಹಿಸುವಾಗ ಕೀನ್ಯಾವನ್ನು ಕೇಳುವುದಿಲ್ಲ.

2018ರ ಹಂಗಾಮು ನಿಮಗೆ ನೆನಪಿರಬೇಕು. ಮ್ಟ್ವಾರಾ, ಲಿಂಡಿ ಕಡೆಯ ರೈತರು ಹರಾಜಿನಲ್ಲಿ ಕೂಗಿದ ಬೆಲೆ ಸಾಲದೆಂದು ಬೀಜ ಕೊಡಲಿಲ್ಲ. ಆಗಿನ ಅಧ್ಯಕ್ಷ ಮಗುಫುಲಿ ಕಿಲೋಗೆ 3,300 ಶಿಲಿಂಗ್ ಎಂದು ಘೋಷಿಸಿ, ಬೀಜವನ್ನೆಲ್ಲ ಸರ್ಕಾರವೇ ಕೊಳ್ಳುತ್ತದೆ ಎಂದು ಸೇನೆಯ ಲಾರಿಗಳನ್ನು ಕಳುಹಿಸಿದರು. ಇಬ್ಬರು ಮಂತ್ರಿಗಳು ಕೆಲಸ ಕಳೆದುಕೊಂಡರು. ಗೇರುಬೀಜವನ್ನೇ ನಂಬಿರುವ ಇಡೀ ದಕ್ಷಿಣ ಭಾಗದ ಬದುಕು ಒಂದು ಘೋಷಣೆಯ ಮೇಲೆ ನಿಂತಿತ್ತು. ಅರುಷಾದಲ್ಲಿರುವ ಸಮುದಾಯದ ಕಚೇರಿಗೆ ಅದರಲ್ಲಿ ಯಾವ ಪಾತ್ರವೂ ಇರಲಿಲ್ಲ.

ಹಾಗೆಂದು ಸಮುದಾಯದಿಂದ ಏನೂ ಆಗಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ನಾನು ಕಂಪಾಲಾಗೆ ಹೋದ ಹೊಸತರಲ್ಲಿ ಕೀನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದ ಕಂಟೇನರ್ ನಮ್ಮ ಗೋದಾಮಿಗೆ ತಲುಪಲು ಎರಡು ಮೂರು ವಾರ ಹಿಡಿಯುತ್ತಿತ್ತು. ದಾರಿಯಲ್ಲಿ ತಪಾಸಣೆಯ ಮೇಲೆ ತಪಾಸಣೆ. ಮಲಾಬಾ ಗಡಿಯಲ್ಲಿ ಕೀನ್ಯಾದ ಕಚೇರಿ ಮುಗಿಸಿ ಉಗಾಂಡಾದ ಕಚೇರಿಯಲ್ಲಿ ಮತ್ತೆ ಅದೇ ಕಾಗದ. 2014ರಿಂದ ಬಂದ ಏಕ ಸುಂಕ ವಲಯದಲ್ಲಿ ಸರಕು ಇನ್ನೂ ಮೊಂಬಾಸಾದಲ್ಲಿರುವಾಗಲೇ ಉಗಾಂಡಾದ ಸುಂಕವನ್ನು ಕಂಪಾಲಾದಲ್ಲಿ ಕುಳಿತು ಕಟ್ಟುವಂತಾಯಿತು. ಲಾರಿಗೆ ಎಲೆಕ್ಟ್ರಾನಿಕ್ ಮೊಹರು ಹಾಕಿ ಬಿಡುತ್ತಾರೆ. ವಾರದೊಳಗೆ ಸರಕು ಬರತೊಡಗಿತು. ಬುಸಿಯಾ (ಕೀನ್ಯಾ-ಉಗಾಂಡಾ), ನಮಂಗಾ (ಕೀನ್ಯಾ-ಟಾಂಜಾನಿಯಾ) ಗಡಿಗಳಲ್ಲಿ ಎರಡೂ ದೇಶದ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕುಳಿತಿರುತ್ತಾರೆ. ಹೋಗುವ ದೇಶದ ಕಡೆ ಒಮ್ಮೆ ನಿಂತರೆ ಸಾಕು. ಬುಸಿಯಾದಲ್ಲಿ ತಲೆಯ ಮೇಲೆ ಮೊಟ್ಟೆ, ಈರುಳ್ಳಿ, ಬಾಳೆಗೊನೆ ಹೊತ್ತು ದಾಟುವ ಹೆಂಗಸರಿಗೂ ಒಂದು ಸೌಲಭ್ಯವಿದೆ. ಸಮುದಾಯದೊಳಗೆ ಬೆಳೆದ ಸರಕಿನ ಬೆಲೆ 2,000 ಡಾಲರ್ ಮೀರದಿದ್ದರೆ ಒಂದು ಪುಟದ ಸರಳ ಪ್ರಮಾಣಪತ್ರದಲ್ಲಿ ಸುಂಕವಿಲ್ಲದೆ ದಾಟಬಹುದು. ಎಷ್ಟೋ ಹೆಂಗಸರಿಗೆ ಅದು ಗೊತ್ತಿಲ್ಲ. ಗೊತ್ತಿಲ್ಲದ ಕಾರಣ ಕಳ್ಳದಾರಿಯಲ್ಲಿ ಸೊಂಟದುದ್ದ ನೀರಿನಲ್ಲಿ ದಾಟಿ, ಸಿಕ್ಕಿಬಿದ್ದು ಇದ್ದದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಒಕ್ಕೂಟದ ಬಗ್ಗೆ ಯಾರಾದರೂ ಭಾಷಣ ಮಾಡಿದಾಗ ನನಗೆ ಮೊದಲು ಬರುವ ಕೋಪ ಇದೇ. ಆ ಒಂದು ಪುಟವನ್ನು ಸಂತೆ ಸಂತೆಯಲ್ಲಿ ಹಂಚಿ, ಅವರ ಭಾಷೆಯಲ್ಲಿ ಓದಿ ಹೇಳಿ ಎನ್ನುತ್ತೇನೆ.

ಇನ್ನು ಮುಖ್ಯವಾದ ವಿಷಯ. ಈ ದೇಶಗಳು ಒಂದಾಗುವ ಪ್ರಯತ್ನ ಇದೇ ಮೊದಲಲ್ಲ. ಹಿಂದೊಮ್ಮೆ ಇವು ಇಂದಿಗಿಂತ ಹೆಚ್ಚು ಒಂದಾಗಿದ್ದವು.

ಕೀನ್ಯಾ ಮತ್ತು ಉಗಾಂಡಾ ನಡುವೆ ಬ್ರಿಟಿಷರ ಕಾಲದಲ್ಲಿ, 1917ರಲ್ಲೇ ಸುಂಕದ ಒಕ್ಕೂಟವಿತ್ತು. ಇಂದಿನ ಟಾಂಜಾನಿಯಾದ ಮುಖ್ಯಭೂಮಿಯಾದ ಟಾಂಗನಿಕಾ ಆಮೇಲೆ ಸೇರಿತು. ಹಣವೂ ಒಂದೇ. 1920ರವರೆಗೆ ಕೀನ್ಯಾದಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು, ನಂತರ ಪೂರ್ವ ಆಫ್ರಿಕಾ ಶಿಲಿಂಗ್ ಬಂತು. ರೈಲು ಒಂದು, ಬಂದರು ಒಂದು, ಅಂಚೆ ಒಂದು, ವಿಮಾನ ಸಂಸ್ಥೆ ಒಂದು. ಟಾಂಗನಿಕಾದ ನ್ಯೆರೆರೆ 1960ರಲ್ಲಿ ಎಲ್ಲರೂ ಒಟ್ಟಿಗೆ ಒಕ್ಕೂಟವಾಗಿ ಸ್ವತಂತ್ರರಾಗುವುದಾದರೆ ತನ್ನ ದೇಶದ ಸ್ವಾತಂತ್ರ್ಯವನ್ನು ತಡಮಾಡಲು ಸಿದ್ಧ ಎಂದಿದ್ದರು. ಸ್ವಾತಂತ್ರ್ಯಕ್ಕೆ ಹೋರಾಡಿದ ನಾಯಕನೊಬ್ಬ ಹೀಗೆ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. 1963ರ ಜೂನ್‌ನಲ್ಲಿ ನೈರೋಬಿಯಲ್ಲಿ ನ್ಯೆರೆರೆ, ಕೀನ್ಯಾದ ಕೆನ್ಯಾಟಾ, ಉಗಾಂಡಾದ ಒಬೊಟೆ ಮೂವರೂ ಅದೇ ವರ್ಷ ಒಕ್ಕೂಟ ಮಾಡುತ್ತೇವೆಂದು ಘೋಷಿಸಿದರು. ಆಗಲಿಲ್ಲ. 1966ರಲ್ಲಿ ಮೂರೂ ದೇಶಗಳು ಬೇರೆ ಬೇರೆ ಶಿಲಿಂಗ್ ಅಚ್ಚು ಹಾಕಿದವು.

ಏಕೆ ಆಗಲಿಲ್ಲ ಎಂಬುದಕ್ಕೆ ಹಲವರು ಹಲವು ಕಾರಣ ಹೇಳುತ್ತಾರೆ. ಲೆಕ್ಕ ನೋಡುವವನಾಗಿ ನನಗೆ ಕಾಣುವುದು ಒಂದೇ: ಕಾರ್ಖಾನೆಗಳೆಲ್ಲ ನೈರೋಬಿಯಲ್ಲಿದ್ದವು. ಸುಂಕವಿಲ್ಲದ ಮಾರುಕಟ್ಟೆಯಲ್ಲಿ ಕೀನ್ಯಾದ ಸರಕು ಉಗಾಂಡಾ, ಟಾಂಗನಿಕಾಗಳ ಅಂಗಡಿಗಳನ್ನು ತುಂಬಿತು. ಆ ಎರಡು ದೇಶಗಳು ವಿದೇಶಿ ಸರಕಿನ ಸುಂಕದಿಂದ ಬರುತ್ತಿದ್ದ ಹಣವನ್ನೂ ಕಳೆದುಕೊಂಡವು, ತಮ್ಮಲ್ಲಿ ಕಾರ್ಖಾನೆ ಬರುವ ಆಸೆಯನ್ನೂ ಕಳೆದುಕೊಂಡವು. ಒಕ್ಕೂಟದಿಂದ ಒಟ್ಟು ಲಾಭ ಹೆಚ್ಚಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ನಿಜವಿರಬಹುದು. ಆದರೆ ಯಾರೂ ಒಟ್ಟು ಲಾಭದಿಂದ ಊಟ ಮಾಡುವುದಿಲ್ಲ, ತಮ್ಮ ಪಾಲಿನಿಂದ ಮಾಡುತ್ತಾರೆ.

1967ರ ಜೂನ್‌ನಲ್ಲಿ ಕಂಪಾಲಾದಲ್ಲಿ ಮೊದಲ ಸಮುದಾಯದ ಒಪ್ಪಂದ ಮಾಡಿಕೊಂಡವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆ ಒಪ್ಪಂದದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಹಿಂದುಳಿದ ಪಾಲುದಾರ ದೇಶಕ್ಕೆ ಮುಂದುವರಿದ ಪಾಲುದಾರನ ತಯಾರಿಕೆಗಳ ಮೇಲೆ ತಾತ್ಕಾಲಿಕ ವರ್ಗಾವಣೆ ತೆರಿಗೆ ಹಾಕಲು ಅವಕಾಶ ಕೊಟ್ಟರು. ಕಂಪಾಲಾದಲ್ಲಿ ಅಭಿವೃದ್ಧಿ ಬ್ಯಾಂಕ್ ತೆರೆದು, ಸಾಲದ ಹಣದಲ್ಲಿ ಟಾಂಜಾನಿಯಾಕ್ಕೆ ಶೇಕಡಾ 38.75, ಉಗಾಂಡಾಕ್ಕೆ 38.75, ಕೀನ್ಯಾಕ್ಕೆ 22.5 ಎಂದು ನಿಗದಿ ಮಾಡಿದರು. ಸಮುದಾಯದ ಪ್ರಧಾನ ಕಚೇರಿ ಅರುಷಾಗೆ, ಬಂದರಿನದು ದಾರ್‌ಗೆ, ಅಂಚೆಯದು ಕಂಪಾಲಾಗೆ ಹೋಯಿತು. ರೈಲು ಮತ್ತು ವಿಮಾನ ನೈರೋಬಿಯಲ್ಲಿ ಉಳಿದವು. ಕಳೆದುಕೊಳ್ಳುವವನಿಗೆ ಏನು ಕೊಡಬೇಕು ಎಂದು ಕುಳಿತು ಯೋಚಿಸಿದ ಒಪ್ಪಂದ ಅದು. ಈಗಿನ ಒಪ್ಪಂದದಲ್ಲಿ ಅಂಥ ಗಟ್ಟಿಯಾದ ಪಾಲು ಹಂಚಿಕೆ ಇಲ್ಲ. ನನ್ನ ದೊಡ್ಡ ಆತಂಕ ಅದೇ.

ಆದರೂ ಅದು ಹತ್ತೇ ವರ್ಷ ಬದುಕಿತು. ಬ್ಯಾಂಕಿನ ಹಣ ಕಡಿಮೆ, ವ್ಯತ್ಯಾಸ ದೊಡ್ಡದು. ಕೀನ್ಯಾ ಬಂಡವಾಳದ ದಾರಿ ಹಿಡಿದಿತ್ತು, ಟಾಂಜಾನಿಯಾ 1967ರ ಅರುಷಾ ಘೋಷಣೆಯ ನಂತರ ಸಮಾಜವಾದದ ದಾರಿ. 1971ರಲ್ಲಿ ಇದಿ ಅಮೀನ್ ಉಗಾಂಡಾದ ಅಧಿಕಾರ ಕಿತ್ತುಕೊಂಡ ಮೇಲೆ ನ್ಯೆರೆರೆ ಅವನೊಡನೆ ಒಂದು ಮೇಜಿಗೆ ಕುಳಿತುಕೊಳ್ಳಲು ಒಪ್ಪಲಿಲ್ಲ. ಸಮುದಾಯದ ಅತ್ಯುನ್ನತ ಪ್ರಾಧಿಕಾರವೆಂದರೆ ಆ ಮೂವರು ಅಧ್ಯಕ್ಷರೇ. ಅವರು ಸಭೆ ಸೇರದ ಮೇಲೆ ತೀರ್ಮಾನವೆಲ್ಲಿಂದ ಬರಬೇಕು? 1977ರ ಆರಂಭದಲ್ಲಿ ಪೂರ್ವ ಆಫ್ರಿಕಾ ವಿಮಾನ ಸಂಸ್ಥೆ ಮುಚ್ಚಿತು, ಕೀನ್ಯಾ ತನ್ನದೇ ಸಂಸ್ಥೆ ಹಾರಿಸಿತು, ಫೆಬ್ರವರಿಯಲ್ಲಿ ಟಾಂಜಾನಿಯಾ ಗಡಿ ಮುಚ್ಚಿತು. ಆ ಗಡಿ ತೆರೆದದ್ದು 1983ರಲ್ಲಿ. ಆಸ್ತಿ ಹಂಚಿಕೆ ಮುಗಿದದ್ದು 1984ರಲ್ಲಿ: ಕೀನ್ಯಾಕ್ಕೆ ಶೇಕಡಾ 42, ಟಾಂಜಾನಿಯಾಕ್ಕೆ 32, ಉಗಾಂಡಾಕ್ಕೆ 26.

ಆಸ್ತಿ ಹಂಚಿದರು. ಜನರನ್ನು ಹಂಚುವುದು ಅಷ್ಟು ಸುಲಭವಿರಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದರು, ಹಳೆಯ ಸಮುದಾಯದ ರೈಲಿನಲ್ಲಿ ಗುಮಾಸ್ತರಾಗಿದ್ದವರು. ಟಾಂಜಾನಿಯಾದ ಟಬೋರಾದಲ್ಲಿ ಹುಟ್ಟಿ, ನೈರೋಬಿಯಲ್ಲಿ ತರಬೇತಿ ಪಡೆದು, ಮೊಂಬಾಸಾದಲ್ಲಿ ಮದುವೆಯಾಗಿದ್ದರು. 1977ರಲ್ಲಿ ಹೆಂಡತಿಯ ತವರು ಬೇರೆ ದೇಶವಾಯಿತು, ಮಾವ ತೀರಿಕೊಂಡಾಗ ಮುಚ್ಚಿದ ಗಡಿ ದಾಟಲು ಆಗಲಿಲ್ಲ. ಅವರಂಥ ಸಾವಿರಾರು ನೌಕರರು ದಾರ್‌ನಲ್ಲಿ ಹಳೆಯ ಸಮುದಾಯದ ಪಿಂಚಣಿಗಾಗಿ ದಶಕಗಳ ಕಾಲ ನ್ಯಾಯಾಲಯ ಹತ್ತಿದರು, ಮುದಿವಯಸ್ಸಿನಲ್ಲಿ ಬೀದಿಯಲ್ಲಿ ಕುಳಿತರು. ಒಕ್ಕೂಟ ಮುರಿದಾಗ ಅದರ ಬೆಲೆ ತೆರುವವರು ಅದನ್ನು ನಂಬಿ ಬದುಕು ಕಟ್ಟಿಕೊಂಡವರು. ಹೊಸ ಒಕ್ಕೂಟ ಕಟ್ಟುವವರು ಮೊದಲು ಆ ಮುದುಕರ ಕಡತ ಓದಬೇಕು ಎಂದು ನಾನು ಹೇಳುತ್ತಲೇ ಇರುತ್ತೇನೆ.

ಉತ್ತರ: ಕಿಗಾಲಿಯಲ್ಲಿ ಪಾಠ ಮಾಡುವವಳು

ಲೆಕ್ಕಿಗರು ಬರೆದದ್ದಕ್ಕೆ ಈಚಿನದೊಂದನ್ನು ಸೇರಿಸುತ್ತೇನೆ. ನಾನು ಹುಬ್ಬಳ್ಳಿಯವಳು, ರುವಾಂಡಾದ ರಾಜಧಾನಿ ಕಿಗಾಲಿಯ ಕಾಲೇಜೊಂದರಲ್ಲಿ ಕಲಿಸುತ್ತೇನೆ. ರುವಾಂಡಾ 2007ರಲ್ಲಿ ಸಮುದಾಯ ಸೇರಿತು. ಕೀನ್ಯಾ, ಉಗಾಂಡಾ, ರುವಾಂಡಾ ಪ್ರಜೆಗಳು 2014ರಿಂದ ಬರಿಯ ಗುರುತಿನ ಚೀಟಿ ತೋರಿಸಿ ಆ ಮೂರು ದೇಶ ಓಡಾಡಬಹುದು. ನಮ್ಮಂಥ ವಿದೇಶಿಯರಿಗೂ ಆ ಮೂರು ದೇಶಕ್ಕೆ ಸೇರಿಸಿ ಒಂದೇ ಪ್ರವಾಸಿ ವೀಸಾ ಇದೆ. ಇದನ್ನೆಲ್ಲ ನೋಡಿ ಗಡಿ ಮುಗಿದೇಹೋಯಿತು ಎಂದುಕೊಂಡಿದ್ದೆವು.

2019ರ ಫೆಬ್ರವರಿ ಕೊನೆಯಲ್ಲಿ ಉಗಾಂಡಾ ಜೊತೆಗಿನ ಗಟುನಾ ಗಡಿ ಮುಚ್ಚಿತು. ಉಗಾಂಡಾ ನಮ್ಮವರನ್ನು ಹಿಡಿದು ಹಿಂಸಿಸುತ್ತಿದೆ, ನಮ್ಮ ಬಂಡುಕೋರರಿಗೆ ನೆರವು ಕೊಡುತ್ತಿದೆ ಎಂದು ರುವಾಂಡಾ; ನೀವು ನಮ್ಮೊಳಗೆ ಗೂಢಚಾರರನ್ನು ಬಿಟ್ಟಿದ್ದೀರಿ ಎಂದು ಉಗಾಂಡಾ. ಮಾರುಕಟ್ಟೆಯಲ್ಲಿ ಉಗಾಂಡಾದ ಜೋಳದ ಹಿಟ್ಟು, ಸೋಪು, ಎಣ್ಣೆ ಕಾಣೆಯಾದವು. ನನ್ನ ತರಗತಿಯಲ್ಲಿ ಗಡಿಯ ಆಚೆ ಅಜ್ಜಿ ಮನೆ ಇದ್ದ ಮಕ್ಕಳಿದ್ದರು. ರಜೆಗೆ ಹೋಗಲಾರದೆ ಹಾಸ್ಟೆಲಿನಲ್ಲೇ ಉಳಿದರು. ಗಡಿ ತೆರೆದದ್ದು 2022ರ ಜನವರಿ 31ರಂದು, ಉಗಾಂಡಾ ಅಧ್ಯಕ್ಷರ ಮಗ ಕಿಗಾಲಿಗೆ ಬಂದು ಮಾತನಾಡಿ ಹೋದ ಮೇಲೆ. ಸಮುದಾಯಕ್ಕೆ ಅರುಷಾದಲ್ಲಿ ನ್ಯಾಯಾಲಯವಿದೆ, ಶಾಸನಸಭೆಯಿದೆ. ಗಡಿ ತೆರೆದದ್ದು ಅವುಗಳ ಮಾತಿನಿಂದಲ್ಲ, ಎರಡು ಮನೆತನಗಳ ಮಾತುಕತೆಯಿಂದ. ಈಗ ಕಾಂಗೋ ಕೂಡ ಸಮುದಾಯದ ಸದಸ್ಯ. ಪೂರ್ವ ಕಾಂಗೋದ ಯುದ್ಧದಲ್ಲಿ ಕಾಂಗೋ ನೇರವಾಗಿ ರುವಾಂಡಾದತ್ತ ಬೆರಳು ತೋರಿಸುತ್ತಿದೆ. 2025ರ ಜನವರಿಯಲ್ಲಿ ಗೋಮಾ ಪಟ್ಟಣ ಬಂಡುಕೋರರ ಕೈ ಸೇರಿದ ವಾರ ಇಲ್ಲಿ ಎಲ್ಲರ ಮುಖದಲ್ಲೂ ಭಯವಿತ್ತು. ಒಂದೇ ಹಣದ ಮಾತನ್ನು ಆ ವಾರ ಯಾರೂ ಆಡಲಿಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಇಬ್ಬರೂ ಬಹಳ ನಿರಾಶೆಯಿಂದ ಬರೆದಿದ್ದೀರಿ ಎನಿಸಿತು. ಯುರೋಪಿನಲ್ಲಿ 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನಿಂದ ಆರಂಭಿಸಿದವರು ಯೂರೋ ನೋಟನ್ನು ಕೈಯಲ್ಲಿ ಹಿಡಿದದ್ದು 2002ರಲ್ಲಿ, ಅರ್ಧ ಶತಮಾನದ ಮೇಲೆ. ಇವರು ಆರಂಭಿಸಿ ಇನ್ನೂ ಕಾಲು ಶತಮಾನವಾಗಿದೆ ಅಷ್ಟೇ. ಹಣದ ಒಕ್ಕೂಟಕ್ಕೆ ಹಣದುಬ್ಬರ ಶೇಕಡಾ 8ರೊಳಗೆ, ಬಜೆಟ್ ಕೊರತೆ ದೇಶದ ಉತ್ಪನ್ನದ ಶೇಕಡಾ 3ರೊಳಗೆ, ಸಾಲ ಶೇಕಡಾ 50ರೊಳಗೆ, ನಾಲ್ಕೂವರೆ ತಿಂಗಳ ಆಮದಿಗೆ ಸಾಲುವ ವಿದೇಶಿ ವಿನಿಮಯ ಎಂದು ಇವರು ಇಟ್ಟುಕೊಂಡಿರುವ ಷರತ್ತುಗಳು ಒಬ್ಬ ಬ್ಯಾಂಕಿನವನಾಗಿ ನನಗೆ ಸರಿಯಾಗಿಯೇ ಕಾಣುತ್ತವೆ. ಅದನ್ನು ಮುಟ್ಟುವ ಮೊದಲೇ ನೋಟು ಅಚ್ಚು ಹಾಕಿದರೆ ಯೂರೋ ಸೇರಿದ ಗ್ರೀಸ್ ಸಾಲದಲ್ಲಿ ಸಿಕ್ಕಿ ಪಟ್ಟ ಪಾಡು ಪಡಬೇಕಾಗುತ್ತದೆ. ತಡವಾಗಿರುವುದು ಒಳ್ಳೆಯದೇ.

ನನ್ನದೊಂದು ಪ್ರಶ್ನೆ. ನೀವೆಲ್ಲ ಅರ್ಥವ್ಯವಸ್ಥೆ ಮೊದಲು, ರಾಜಕೀಯ ಆಮೇಲೆ ಎಂಬ ದಾರಿಯ ಬಗ್ಗೆ ಬರೆದಿರಿ. ರಾಜಕೀಯವೇ ಮೊದಲು ಆದರೆ? ಟಾಂಜಾನಿಯಾ ತಾನೇ ಟಾಂಗನಿಕಾ ಮತ್ತು ಜಂಜಿಬಾರ್ ದ್ವೀಪ ಎಂಬ ಎರಡು ದೇಶ ಕೂಡಿ ಆದದ್ದಲ್ಲವೇ? ಅದು ಮುರಿಯದೆ ನಿಂತಿದೆ. ಆ ದಾರಿಯನ್ನು ಉಳಿದವರು ಏಕೆ ಹಿಡಿಯಬಾರದು?

ಉತ್ತರ: ಲೆಕ್ಕಿಗ, ದಾರ್ ಎಸ್ ಸಲಾಮ್

ಸರ್, ಷರತ್ತುಗಳ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಒಂದು ಕೀನ್ಯಾ ಶಿಲಿಂಗ್‌ಗೆ ಈಗ ಸುಮಾರು 20 ಟಾಂಜಾನಿಯಾ ಶಿಲಿಂಗ್, 28ರ ಆಸುಪಾಸು ಉಗಾಂಡಾ ಶಿಲಿಂಗ್ ಬರುತ್ತದೆ. 1966ರಲ್ಲಿ ಮೂರೂ ಸಮನಾಗಿ ಹೊರಟದ್ದು. ಆ ಅಂಕಿಗಳಲ್ಲಿ ಮೂರು ದೇಶಗಳ ಐದಾರು ದಶಕಗಳ ಚರಿತ್ರೆ ಇದೆ: ಅಮೀನನ ಕಾಲ, ಯುದ್ಧ, ಬರ, ಸಾಲ ಎಲ್ಲವೂ. ಅವಸರ ಬೇಡ.

ಜಂಜಿಬಾರ್ ವಿಷಯ ಕೇಳಿದಿರಿ. ಈ ಪುಟದಲ್ಲಿ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ.

1964ರ ಜನವರಿ 12ರಂದು ಜಂಜಿಬಾರ್‌ನಲ್ಲಿ ರಕ್ತಪಾತದ ಕ್ರಾಂತಿಯಾಗಿ ಸುಲ್ತಾನ ಓಡಿಹೋದ. ಏಪ್ರಿಲ್ 26ಕ್ಕೆ ಟಾಂಗನಿಕಾ ಮತ್ತು ಜಂಜಿಬಾರ್ ಒಂದು ದೇಶ. ನಡುವೆ ನಾಲ್ಕು ತಿಂಗಳೂ ಇಲ್ಲ. ಎರಡು ಕಡೆಯ ಮಣ್ಣನ್ನು ನ್ಯೆರೆರೆ ಒಂದು ಪಾತ್ರೆಯಲ್ಲಿ ಬೆರೆಸುತ್ತಿರುವ ಚಿತ್ರ ಇಲ್ಲಿ ಎಷ್ಟೋ ಕಚೇರಿಗಳ ಗೋಡೆಯ ಮೇಲಿದೆ. ಜನಮತ ಕೇಳಲಿಲ್ಲ. ಶೀತಲ ಸಮರದ ಕಾಲ. ದ್ವೀಪ ಕಮ್ಯುನಿಸ್ಟರ ಪಾಲಾಗುತ್ತದೆ ಎಂಬ ಪಾಶ್ಚಾತ್ಯರ ಭಯ, ಕ್ರಾಂತಿಯ ನಾಯಕ ಕರುಮೆಗೆ ತನ್ನವರಿಂದಲೇ ಇದ್ದ ಭಯ, ನ್ಯೆರೆರೆಯ ಒಕ್ಕೂಟದ ಆಸೆ, ಮೂರೂ ಒಂದೇ ತಿಂಗಳಲ್ಲಿ ಕೂಡಿದವು. ಅಂಥ ಗಳಿಗೆಯನ್ನು ಯಾರೂ ಯೋಜನೆ ಹಾಕಿ ತರಲಾರರು. ಆ ದಾರಿಯನ್ನು ಉಳಿದವರು ಏಕೆ ಹಿಡಿಯಲಿಲ್ಲ ಎಂಬುದಕ್ಕೆ ನನ್ನ ಉತ್ತರ ಅಷ್ಟೇ.

ನಿಂತಿದೆ ಎನ್ನುವುದು ನಿಜ. ಈಗಿನ ಅಧ್ಯಕ್ಷೆ ಸಮಿಯಾ ಸುಲುಹು ಹಸನ್ ಜಂಜಿಬಾರಿನವರು. ಆದರೆ ಅದು ಹೇಗೆ ನಿಂತಿದೆ ಎಂದು ಹತ್ತಿರದಿಂದ ನೋಡಬೇಕು. ಜಂಜಿಬಾರಿಗೆ ತನ್ನದೇ ಅಧ್ಯಕ್ಷ, ತನ್ನದೇ ಸದನ, ತನ್ನದೇ ಬಾವುಟ ಇವೆ. ಟಾಂಗನಿಕಾಕ್ಕೆ ಪ್ರತ್ಯೇಕ ಸರ್ಕಾರವೇ ಇಲ್ಲ; ಒಕ್ಕೂಟದ ಸರ್ಕಾರವೇ ಅದರ ಸರ್ಕಾರ. 2022ರ ಜನಗಣತಿಯಲ್ಲಿ ಇಡೀ ದೇಶದಲ್ಲಿ 6 ಕೋಟಿ 17 ಲಕ್ಷ ಜನ, ಅದರಲ್ಲಿ ಜಂಜಿಬಾರಿನವರು 19 ಲಕ್ಷ. ಸಣ್ಣವನಿಗೆ ತಾನು ಕರಗಿಹೋಗುತ್ತೇನೆಂಬ ದಿಗಿಲು, ದೊಡ್ಡವನಿಗೆ ತನಗೆ ಹೆಸರೇ ಇಲ್ಲವಲ್ಲ ಎಂಬ ದೂರು. ಆರಂಭದಲ್ಲಿ 11 ವಿಷಯಗಳಷ್ಟೇ ಒಕ್ಕೂಟದ ಕೈಯಲ್ಲಿದ್ದವು, ಈಗ 22. ಒಂದೊಂದು ಸೇರಿದಾಗಲೂ ದ್ವೀಪದಲ್ಲಿ ಅಸಮಾಧಾನ. ಟಾಂಗನಿಕಾಕ್ಕೊಂದು, ಜಂಜಿಬಾರಿಗೊಂದು, ಒಕ್ಕೂಟಕ್ಕೊಂದು ಹೀಗೆ ಮೂರು ಸರ್ಕಾರಗಳಿರಲಿ ಎಂಬ ಯೋಚನೆ ಮುಂದಿಟ್ಟ ಜಂಜಿಬಾರ್ ಅಧ್ಯಕ್ಷ ಅಬೂದ್ ಜುಂಬೆ 1984ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಅದನ್ನೇ ನ್ಯಾಯಮೂರ್ತಿ ವಾರಿಯೋಬಾ ಅವರ ಆಯೋಗ ಜನರ ಅಭಿಪ್ರಾಯ ಕೇಳಿ 2013ರ ಸಂವಿಧಾನದ ಕರಡಿನಲ್ಲಿ ಬರೆಯಿತು. 2014ರ ಸಂವಿಧಾನ ಸಭೆ ಅದನ್ನು ತೆಗೆದುಹಾಕಿತು. ಅಂದರೆ ಮಣ್ಣು ಬೆರೆಸಿ ಅರ್ಧ ಶತಮಾನ ಕಳೆದ ಮೇಲೂ ಎಷ್ಟು ಸರ್ಕಾರ ಇರಬೇಕೆಂಬ ಪ್ರಶ್ನೆ ಮುಗಿದಿಲ್ಲ.

ದಾರ್‌ನಿಂದ ದೋಣಿಯಲ್ಲಿ ಎರಡು ಗಂಟೆ ಪ್ರಯಾಣ. ಒಂದೇ ದೇಶದೊಳಗೆ ಹೋದರೂ ಇಳಿದಾಗ ನನ್ನಂಥ ವಿದೇಶಿಯ ಪಾಸ್‌ಪೋರ್ಟ್ ನೋಡುತ್ತಾರೆ. 2024ರ ಅಕ್ಟೋಬರ್‌ನಿಂದ ವಿದೇಶಿ ಪ್ರವಾಸಿಗಳು ಜಂಜಿಬಾರಿನದೇ ಆದ 44 ಡಾಲರ್ ವಿಮೆ ಕೊಳ್ಳಬೇಕು. ದ್ವೀಪದ ವ್ಯಾಪಾರಿಗಳು ಬಂದರಿನಲ್ಲಿ ಸುಂಕ ಕಟ್ಟಿ ತಂದ ಸರಕನ್ನು ದಾರ್‌ಗೆ ಸಾಗಿಸುವಾಗ ವ್ಯತ್ಯಾಸದ ಸುಂಕ ಕಟ್ಟಬೇಕಾಗಿ ಬಂದದ್ದು ಅವರ ಬಹಳ ಹಳೆಯ ನೋವು. ರಾಜಕೀಯ ಮೊದಲು ಬಂದರೂ ಲೆಕ್ಕದ ಪ್ರಶ್ನೆ ತಪ್ಪಿಸಿಕೊಳ್ಳಲು ಆಗಲಿಲ್ಲ, ಸರ್.

ಆದರೆ ನಾನು ನಿರಾಶನಲ್ಲ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಜಂಜಿಬಾರ್ ಜಗಳವಾಡುತ್ತದೆ, ಬಿಟ್ಟುಹೋಗಿಲ್ಲ. ದಾರ್‌ನ ಕರಿಯಾಕೂ ಮಾರುಕಟ್ಟೆಯ ಸುತ್ತ ಜಂಜಿಬಾರಿಗೆ ಸೇರಿದ ಪೆಂಬಾ ದ್ವೀಪದವರ ಅಂಗಡಿಗಳು ಎಷ್ಟಿವೆ! ಅವರಿಗೆ ವ್ಯಾಪಾರ ಮಾಡಲು ಯಾರ ಪರವಾನಗಿಯ ಭಯವೂ ಇಲ್ಲ. ಅದೇ ಬೀದಿಯಲ್ಲಿ ಅಂಗಡಿ ಇಡುವ ಕೀನ್ಯಾದವನ ಸ್ಥಿತಿ ನೋಡಿ. 2025ರ ಜುಲೈಯಲ್ಲಿ ಟಾಂಜಾನಿಯಾ ವಿದೇಶಿಯರು ಮಾಡಬಾರದ ಸಣ್ಣ ವ್ಯಾಪಾರಗಳ ಪಟ್ಟಿ ಹೊರಡಿಸಿತು. ಮೊಬೈಲ್ ರಿಪೇರಿ, ಮೊಬೈಲ್ ಹಣ ವರ್ಗಾವಣೆ, ಸಲೂನ್, ಪ್ರವಾಸಿ ಮಾರ್ಗದರ್ಶನ ಎಲ್ಲ ಅದರಲ್ಲಿವೆ. ಪಕ್ಕದ ಸದಸ್ಯ ದೇಶದವರಿಗೆ ವಿನಾಯಿತಿ ಇಲ್ಲ. ಸಾಮಾನ್ಯ ಮಾರುಕಟ್ಟೆಯ ಒಪ್ಪಂದಕ್ಕೆ ಇದು ವಿರುದ್ಧವೆಂದು ಕೀನ್ಯಾ ಪ್ರತಿಭಟಿಸಿತು. ನನ್ನ ದೃಷ್ಟಿಯಲ್ಲಿ ಕೀನ್ಯಾ ಹೇಳಿದ್ದು ಸರಿ. ಹಾಗೆಯೇ 2021ರಲ್ಲಿ ಕೀನ್ಯಾ ಬೂಷ್ಟಿನ ವಿಷವಿದೆ ಎಂದು ಉಗಾಂಡಾ ಮತ್ತು ಟಾಂಜಾನಿಯಾದ ಮೆಕ್ಕೆಜೋಳವನ್ನು ಒಂದು ದಿನದ ಆದೇಶದಿಂದ ಗಡಿಯಲ್ಲಿ ನಿಲ್ಲಿಸಿತಲ್ಲ, ಆಗ ತಪ್ಪು ಮಾಡಿದ್ದು ಅದು. 2017ರಲ್ಲಿ ಟಾಂಜಾನಿಯಾ ನಮಂಗಾದಲ್ಲಿ ಹಿಡಿದ ಕೀನ್ಯಾದ 6,400 ಕೋಳಿಮರಿಗಳನ್ನು ಜೀವಂತ ಸುಟ್ಟಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ರೋಗದ ಭಯವಿದ್ದರೆ ಪರೀಕ್ಷೆ ಮಾಡುವ ಒಂದು ಸಾಮಾನ್ಯ ಪ್ರಯೋಗಾಲಯ, ಇಬ್ಬರೂ ಒಪ್ಪುವ ಒಬ್ಬ ಪಶುವೈದ್ಯ ಸಾಕಿತ್ತು. ಧ್ವಜ, ರಾಷ್ಟ್ರಗೀತೆ, ಪಾಸ್‌ಪೋರ್ಟ್ ಎಲ್ಲವೂ ಸಮುದಾಯಕ್ಕೆ ಇವೆ. ಆ ಪಶುವೈದ್ಯ ಇಲ್ಲ.

ಪ್ರಶ್ನೆ ಕೇಳಿದವರು

ಅಣ್ಣ, ಅಕ್ಕ, ಸರ್, ಎಲ್ಲರಿಗೂ ಧನ್ಯವಾದ. ಮಗಳು ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡಳು. ಕೋಳಿಮರಿಗಳ ಭಾಗ ಓದಿ ಸ್ವಲ್ಪ ಹೊತ್ತು ಸುಮ್ಮನಾದಳು. ಇನ್ನೊಂದೇ ಪ್ರಶ್ನೆ, ಅಣ್ಣ. ಟಾಂಜಾನಿಯಾವೂ ಕೀನ್ಯಾದಂತೆ ಕಚ್ಚಾ ಬೀಜ ನಿಲ್ಲಿಸಿಬಿಡುತ್ತದೆ ಎಂದು ನಮ್ಮ ಕಡೆ ಪ್ರತಿ ವರ್ಷ ಸುದ್ದಿ ಏಳುತ್ತದೆ. ನಮಗೆ ಮೊದಲೇ ತಿಳಿಯುವ ದಾರಿ ಇದೆಯೇ?

ಉತ್ತರ: ಲೆಕ್ಕಿಗ, ದಾರ್ ಎಸ್ ಸಲಾಮ್

ಇದೆ, ಅಕ್ಕ. ಇಲ್ಲಿ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಜೂನ್ ತಿಂಗಳ ಮಧ್ಯದಲ್ಲಿ ಕೀನ್ಯಾ, ಉಗಾಂಡಾ, ಟಾಂಜಾನಿಯಾ ಒಂದೇ ದಿನ ಬಜೆಟ್ ಓದುವ ರೂಢಿಯಿದೆ. ರಫ್ತು ಸುಂಕದಲ್ಲಿ ಬದಲಾವಣೆ ಇದ್ದರೆ ಟಾಂಜಾನಿಯಾದ ಬಜೆಟ್ ಭಾಷಣ ಮತ್ತು ಹಣಕಾಸು ಮಸೂದೆಯಲ್ಲಿ ಬರುತ್ತದೆ. ಹಂಗಾಮು ಶುರುವಾಗುವುದು ಅಕ್ಟೋಬರ್‌ನಲ್ಲಿ, ಆದ್ದರಿಂದ ನಿಮಗೆ ಮೂರು ತಿಂಗಳ ಕಾಲಾವಕಾಶ ಸಿಗುತ್ತದೆ. ಅದೇ ಜೂನ್ ಕೊನೆಯಲ್ಲಿ ಸಮುದಾಯದ ಗೆಜೆಟ್ ಹೊರಬರುತ್ತದೆ. ಯಾವ ದೇಶ ಯಾವ ಸರಕಿಗೆ ಒಂದು ವರ್ಷದ ಮಟ್ಟಿಗೆ ಸಾಮಾನ್ಯ ಸುಂಕದಿಂದ ವಿನಾಯಿತಿ ಪಡೆದಿದೆ ಎಂಬುದು ಅದರಲ್ಲಿರುತ್ತದೆ. ನೀವು ಮುಂದೆಂದಾದರೂ ಹುರಿದ ಗೇರುಬೀಜವನ್ನು ಇತ್ತ ಕಳುಹಿಸುವ ಯೋಚನೆ ಮಾಡಿದರೆ ಆಗ ಆ ಗೆಜೆಟ್ ನೋಡಬೇಕು. ಕಚ್ಚಾ ಬೀಜ ಕೊಳ್ಳಲು ಅದರ ಅಗತ್ಯವಿಲ್ಲ.

ಇನ್ನೊಂದು ಮಾತು. ಇಲ್ಲಿನ ಸರ್ಕಾರ ಬೀಜವನ್ನು ತಮ್ಮಲ್ಲೇ ಸಂಸ್ಕರಿಸಬೇಕೆಂದು ಪಟ್ಟುಹಿಡಿದು ಕೆಲಸ ಮಾಡುತ್ತಿದೆ, ಅದು ನ್ಯಾಯವೇ. ಮ್ಟ್ವಾರಾದ ಹೆಂಗಸರಿಗೂ ಕಾರ್ಕಳದ ಹೆಂಗಸರಿಗೆ ಸಿಗುವ ಕೂಲಿ ಸಿಗಬೇಕು. ಕಾರ್ಖಾನೆಗಳು ಒಂದೇ ವರ್ಷದಲ್ಲಿ ಏಳುವುದಿಲ್ಲವಾದ್ದರಿಂದ ನಾಳೆಯೇ ಬೀಜ ನಿಲ್ಲುತ್ತದೆಂದು ನಾನು ಹೆದರಿಸುವುದಿಲ್ಲ. ಆದರೆ ನಿಮ್ಮ ಯಂತ್ರಗಳನ್ನು ಪೂರ್ತಿ ಟಾಂಜಾನಿಯಾದ ಬೀಜವನ್ನೇ ನಂಬಿ ಹೆಚ್ಚಿಸಬೇಡಿ. ಪಶ್ಚಿಮ ಆಫ್ರಿಕಾದ ಬೀಜದ ಬೆಲೆಯನ್ನೂ ನಿಮ್ಮ ಆಮದುದಾರರಿಂದ ಪ್ರತಿ ಹಂಗಾಮಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಹರಾಜಿನ ಬೆಲೆ ಇಲ್ಲಿನ ಪತ್ರಿಕೆಗಳಲ್ಲಿ ಬರುತ್ತದೆ. ಅಕ್ಟೋಬರ್ ಬಂದಾಗ ಇದೇ ಪುಟದಲ್ಲಿ ಹಾಕುತ್ತೇನೆ.